ಹೊಸ ತೆನೆಯ ಹಬ್ಬ

1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಮಂಗಳೂರು ಸೀಮೆಯ ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟರು. ಅನೇಕರು ಮರಳಲಿಲ್ಲ. 1799ರಲ್ಲಿ ಬಿಡುಗಡೆ ಹೊಂದಿದವರು ಊರಿಗೆ ಬಂದು ಮತ್ತೆ ಬದುಕು ಕಟ್ಟಿದರು.

ಇಂದಿಗೂ ಈ ಸಮುದಾಯವು ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಲ್ಲಿ, ತೆನೆಹಬ್ಬವನ್ನು ಆಚರಿಸುತ್ತದೆ. ಮಕ್ಕಳು ಮಾತೆಗೆ ಹೂ ಅರ್ಪಿಸುವರು. ಗುರುಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುವರು. ಮನೆಮಂದಿ ಒಟ್ಟಾಗಿ ಪ್ರಾರ್ಥಿಸಿ, ಅದರ ಕಾಳು ಬೆರೆಸಿದ ಪಾಯಸವನ್ನು ಮೊದಲು ಸವಿದು, ಬಳಿಕ ಸಸ್ಯಾಹಾರದ ಊಟಕ್ಕೆ ಕೂರುವರು. ಪರದೇಶದಲ್ಲಿರುವ ಮಕ್ಕಳಿಗೂ ಕಾಳುಗಳು ಅಂಚೆಯಲ್ಲಿ ತಲುಪುತ್ತವೆ.

ಎಲ್ಲವನ್ನೂ ಕಳೆದುಕೊಂಡವರ ಸಂತತಿಯೇ ದೇವರ ಉಪಕಾರವನ್ನು ಹೀಗೆ ಬಹಿರಂಗವಾಗಿ ಸ್ಮರಿಸುತ್ತಿದೆ. ಶತಮಾನ ಪೂರೈಸಿದ ಶಾಲೆಯ ಮಕ್ಕಳಾದ ನಾವೂ ಉಂಡ ಋಣವನ್ನು ಬಾಯಿತೆರೆದು ಹೇಳಲು ಕಲಿಯೋಣ.