ಷರತ್ತಿನ ಅರಸೊತ್ತಿಗೆ: ಇರಾನಿನಲ್ಲಿ ‘ಕಾನ್‌ಸ್ಟಿಟ್ಯೂಷನ್’

ಇಂಗ್ಲಿಷಿನ ‘ಕಾನ್‌ಸ್ಟಿಟ್ಯೂಷನ್’ ಎಂಬ ಶಬ್ದಕ್ಕೆ ದೇಹಪ್ರಕೃತಿ, ವಸ್ತುವಿನ ರಚನೆ, ಸಂಸ್ಥೆಯ ಸ್ಥಾಪನೆ, ರಾಜ್ಯದ ಮೂಲಶಾಸನ ಮುಂತಾದ ಹಲವು ಅರ್ಥಗಳಿದ್ದು, ಫಾರಸಿ ಭಾಷೆ ಇವನ್ನು ಬೇರೆಬೇರೆ ಪದಗಳಿಗೆ ಹಂಚಿಕೊಟ್ಟಿದೆ. ದೇಹಪ್ರಕೃತಿಗೆ ಯುನಾನಿ ವೈದ್ಯದ ‘ಮಿಜಾಜ್’, ರಚನೆಗೆ ‘ತರ್ಕೀಬ್’, ಸ್ಥಾಪನೆಗೆ ‘ತಾಸೀಸ್’ ಎಂಬ ಪದಗಳು ಮೊದಲಿನಿಂದಲೂ ಬಳಕೆಯಲ್ಲಿದ್ದುದರಿಂದ ಅಲ್ಲಿ ತಕರಾರು ಏಳಲಿಲ್ಲ. ತಕರಾರು ಎದ್ದದ್ದು ರಾಜ್ಯಕ್ಕೆ ಸಂಬಂಧಿಸಿದ ಅರ್ಥದಲ್ಲಿ. ಅದೂ ಸಾಮಾನ್ಯ ತಕರಾರಲ್ಲ.

ಈ ಅರ್ಥಕ್ಕೆ ಇರಾನಿನಲ್ಲಿ ನೆಲೆಗೊಂಡ ಪದಗಳು ಎರಡು. ಮೊದಲನೆಯದಾದ ‘ಕಾನೂನ್-ಎ-ಅಸಾಸಿ’, ಅಂದರೆ ಬುನಾದಿಯ ಕಾನೂನು, ಶಾಸನದ ಗ್ರಂಥವನ್ನು ಸೂಚಿಸುತ್ತದೆ. ಆಟೋಮನ್ ತುರ್ಕರು 1876ರ ತಮ್ಮ ಶಾಸನಕ್ಕೆ ಇದೇ ಹೆಸರಿಟ್ಟಿದ್ದರು. ಎರಡನೆಯದಾದ ‘ಮಶ್ರೂತಾ’ ಆಡಳಿತದ ಬಗೆಯನ್ನು ಸೂಚಿಸುತ್ತದೆ. ಇದರ ಬೇರು ಅರಬ್ಬಿಯ ‘ಶರ್ತ್’, ಅಂದರೆ ಕನ್ನಡಿಗರು ದಿನವೂ ಆಡುವ ‘ಷರತ್ತು’. ಅರಸನ ಅಧಿಕಾರ ಷರತ್ತಿಗೆ ಒಳಪಟ್ಟದ್ದು ಎಂಬುದು ಇದರ ತಾತ್ಪರ್ಯವಾದ್ದರಿಂದ, ಕಾನೂನಿನ ಪುಸ್ತಕ ಬೇಕೆನ್ನುವುದಕ್ಕಿಂತ ಮಶ್ರೂತಾ ಬೇಕೆನ್ನುವುದು ಅರಮನೆಗೆ ಹೆಚ್ಚು ಕಹಿಯಾಗಿತ್ತು.

1906ರ ಬೇಸಿಗೆಯಲ್ಲಿ ತೆಹರಾನಿನ ವರ್ತಕರು, ಕುಶಲಕರ್ಮಿಗಳು, ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯ ತೋಟದಲ್ಲಿ ‘ಬಸ್ತ್’ ಕುಳಿತರು. ಪವಿತ್ರವೋ ಸುರಕ್ಷಿತವೋ ಆದ ತಾಣದಲ್ಲಿ ಆಶ್ರಯ ಪಡೆದು ಆಳುವವರಲ್ಲಿ ನ್ಯಾಯ ಕೇಳುವ ಈ ಪದ್ಧತಿ ಇರಾನಿನಲ್ಲಿ ಹಳೆಯದು. ಆಗಸ್ಟ್ 5ರಂದು ಮುಜಫ್ಫರುದ್ದೀನ್ ಷಾ ಸಭೆಯೊಂದನ್ನು, ಅಂದರೆ ಮಜ್ಲಿಸನ್ನು, ಕರೆಯಲು ಒಪ್ಪಿ ಫರ್ಮಾನು ಹೊರಡಿಸಿದನಾದರೂ ಅದರಲ್ಲಿ ‘ಮಶ್ರೂತಾ’ ಎಂಬ ಪದವೇ ಇರಲಿಲ್ಲ. ಡಿಸೆಂಬರ್ 30ರಂದು ಮೂಲಶಾಸನಕ್ಕೆ ಸಹಿ ಹಾಕಿದ ಅವನು ಕೆಲವೇ ದಿನಗಳಲ್ಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಮಗ ಮೊಹಮ್ಮದ್ ಅಲಿ ಷಾ, ತಂದೆ ಕೊಟ್ಟದ್ದು ಮಜ್ಲಿಸನ್ನೇ ಹೊರತು ಮಶ್ರೂತಾವನ್ನಲ್ಲ ಎಂದು ವಾದಿಸತೊಡಗಿದನು. ತಬ್ರೀಜಿನಲ್ಲಿ ಜನ ತಿರುಗಿಬಿದ್ದಾಗ, 1907ರ ಫೆಬ್ರವರಿಯಲ್ಲಿ, ಇರಾನು ‘ಕಾನ್‌ಸ್ಟಿಟ್ಯೂಷನ್’ ಹೊಂದಿದ ಮಶ್ರೂತಾ ರಾಜ್ಯಗಳಲ್ಲಿ ಒಂದೆಂದು ಅವನು ಬರೆದುಕೊಡಬೇಕಾಯಿತು. ಆ ಬರಹದಲ್ಲಿ ಫ್ರೆಂಚ್ ಉಚ್ಚಾರದ ವಿದೇಶಿ ಪದವನ್ನೂ ದೇಶಿಯ ಪದವನ್ನೂ ಅಕ್ಕಪಕ್ಕದಲ್ಲೇ ಇಟ್ಟಿರುವುದು, ಒಂದರಿಂದ ನುಣುಚಿಕೊಂಡವನು ಇನ್ನೊಂದರಲ್ಲಿ ಸಿಕ್ಕಿಬೀಳಲೆಂಬ ಎಚ್ಚರಿಕೆಯಂತೆಯೇ ತೋರುತ್ತದೆ.

ಆದರೂ ನುಣುಚಿಕೊಳ್ಳಲು ಮತ್ತೊಂದು ದಾರಿಯಿತ್ತು. ಫಾರಸಿ ಲಿಪಿಯಲ್ಲಿ ‘ಮಶ್ರೂತಾ’ದ ಒಂದೇ ಅಕ್ಷರವನ್ನು ಬದಲಿಸಿದರೆ ‘ಮಶ್ರೂಆ’, ಅಂದರೆ ಶರೀಅತ್ತಿಗೆ ಅನುಗುಣವಾದದ್ದು, ಎಂದಾಗುತ್ತದೆ. ಮೊದಲು ಚಳವಳಿಯ ಜೊತೆಗಿದ್ದ ಧರ್ಮಪಂಡಿತ ಶೇಖ್ ಫಜ್ಲುಲ್ಲಾ ನೂರಿ ಈ ಪದವನ್ನೇ ಹಿಡಿದು, ಧರ್ಮಶಾಸ್ತ್ರಕ್ಕೆ ಅಧೀನವಲ್ಲದ ಮಶ್ರೂತಾ ಸಲ್ಲದೆಂದು ರೇ ಪಟ್ಟಣದ ದರ್ಗಾದಲ್ಲಿ ಬಸ್ತ್ ಕುಳಿತು ಕರಪತ್ರ ಹಂಚಿದನು. ಬೆಲ್ಜಿಯಂನ 1831ರ ಸಂವಿಧಾನವನ್ನು ಬಹುಮಟ್ಟಿಗೆ ಅನುಸರಿಸಿ ರಚಿತವಾದ 1907ರ ಅಕ್ಟೋಬರಿನ ಪೂರಕ ಶಾಸನದ ಎರಡನೆಯ ವಿಧಿಯು, ಮಜ್ಲಿಸಿನ ಕಾಯಿದೆಗಳನ್ನು ಕನಿಷ್ಠ ಐವರು ಧರ್ಮಪಂಡಿತರು ಪರಿಶೀಲಿಸಬೇಕೆಂದು ವಿಧಿಸಿದ್ದು ಈ ಒತ್ತಾಯದ ಫಲ. ಬೆಲ್ಜಿಯಂನ ಶಾಸನದಲ್ಲಿ ಇಂಥದ್ದೇನೂ ಇರಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಜಗಳ ಪದಗಳಲ್ಲೇ ಮುಗಿಯಲಿಲ್ಲ. 1908ರ ಜೂನ್ 23ರಂದು ಷಾ, ರಷ್ಯನ್ ಅಧಿಕಾರಿ ಲ್ಯಾಖೋವನ ಕೈಕೆಳಗಿನ ಕೊಸಾಕ್ ಪಡೆಯಿಂದ ಮಜ್ಲಿಸ್ ಭವನದ ಮೇಲೆ ಫಿರಂಗಿ ಹಾರಿಸಿದನು. ಮರುವರ್ಷ ಮಶ್ರೂತಾವಾದಿಗಳು ತೆಹರಾನನ್ನು ವಶಪಡಿಸಿಕೊಂಡು ಅವನನ್ನು ಪದಚ್ಯುತಗೊಳಿಸಿ, ಜುಲೈ 31ರಂದು ನೂರಿಯನ್ನು ಗಲ್ಲಿಗೇರಿಸಿದರು.

ಅರಬರು ತಮ್ಮ ಸಂವಿಧಾನಗಳಿಗೆ ಫಾರಸಿ ಮೂಲದ ‘ದಸ್ತೂರ್’ ಎಂಬ ಪದವನ್ನು ಬಳಸುತ್ತಿರುವಾಗ ಇರಾನಿಯರು ಅರಬ್ಬಿಯ ಮೂಲಕ ಬಂದ ‘ಕಾನೂನ್-ಎ-ಅಸಾಸಿ’ಯನ್ನೇ ಉಳಿಸಿಕೊಂಡರು. 1979ರ ಡಿಸೆಂಬರಿನ ಜನಮತಗಣನೆಯಲ್ಲಿ ಅಂಗೀಕೃತವಾದ ಇಸ್ಲಾಮಿಕ್ ಗಣರಾಜ್ಯದ ಸಂವಿಧಾನಕ್ಕೂ ಅದೇ ಹೆಸರು. ಷರತ್ತು ಹಾಕಲು ಅರಸನೇ ಉಳಿಯದ ಆ ದೇಶದಲ್ಲಿ ‘ಮಶ್ರೂತಾ’ ಎಂಬುದು ಇಂದು ಮುಖ್ಯವಾಗಿ 1905ರ ಕೊನೆಯಲ್ಲಿ ಆರಂಭವಾದ ಆ ಚಳವಳಿಯ ಹೆಸರು.