ಅವ್ವನ ಬಿಲ್ವಾರ, ಅಪ್ಪನ ಜೀಪು

ಮೊನ್ನೆ ಕಪಾಟು ಒರೆಸುವಾಗ ಅವ್ವನ ಲೆಕ್ಕದ ಪುಸ್ತಕ ಕೈಗೆ ಸಿಕ್ಕಿತು. ಮಹಾಲಿಂಗಪುರದ ಬೆಲ್ಲದ ಅಡತಿ ಅಂಗಡಿಯವರು ದೀಪಾವಳಿಗೆ ಕೊಡುತ್ತಿದ್ದ ಕೆಂಪು ರಟ್ಟಿನ ಪುಸ್ತಕ. 1982ರ ಪುಟಗಳಲ್ಲಿ ವಾರಕ್ಕೊಮ್ಮೆ 'ಪೆಟ್ರೋಲ' ಎಂಬ ಸಾಲು ಬರುತ್ತದೆ. ಬೇಸಿಗೆಯ ಹೊತ್ತಿಗೆ ಅದು ನಿಂತು, 'ಬಿಲ್ವಾರ ಎರಡ' ಎಂದು ಒಂದೇ ಸಾಲು. ಮುಂದಿನ ಪುಟದಿಂದ 'ಡಿಜೇಲ'. ನಮ್ಮ ಮನೆಯ ಜೀಪಿನ ಇತಿಹಾಸವನ್ನು ಇದಕ್ಕಿಂತ ಚಿಕ್ಕದಾಗಿ ಬರೆಯಲು ನನಗಂತೂ ಬಾರದು.

ಜೀಪು ಹುಟ್ಟಿದ್ದೇ ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ನಾಲ್ಕೂ ಗಾಲಿ ಎಳೆಯುವ ಹಗುರ ಗಾಡಿ ಬೇಕಾಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿ ಮಾಡಿಕೊಟ್ಟಿತು. ಆದರೆ ಅರವತ್ತು ಅಶ್ವಶಕ್ತಿಯ ಪೆಟ್ರೋಲ್ ಇಂಜಿನ್ನಿನ ಬಲದಿಂದ ಗೆದ್ದದ್ದು ವಿಲ್ಲೀಸ್ ಕಂಪನಿ. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪು ಮಾಡಿದ್ದವು. ನಮ್ಮ ದೇಶದಲ್ಲಿ ಅದನ್ನು ಜೋಡಿಸಿ ಮಾರಿದವರು ಮಹೀಂದ್ರಾದವರು. 1945ರಲ್ಲಿ ಶುರುವಾದಾಗ ಆ ಕಂಪನಿಯ ಹೆಸರು ಮಹೀಂದ್ರಾ ಆ್ಯಂಡ್ ಮೊಹಮ್ಮದ್. ದೇಶ ಒಡೆದ ಮೇಲೆ ಪಾಲುದಾರ ಗುಲಾಂ ಮೊಹಮ್ಮದರು ಪಾಕಿಸ್ತಾನದ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ಬದಲಾಯಿತು, ಎರಡು 'ಎಂ' ಮಾತ್ರ ಹಾಗೇ ಉಳಿದವು.

ನಮ್ಮದು ಎತ್ತರದ ಬಾನೆಟ್ಟಿನ ಜೀಪು. ಆ ಎತ್ತರಕ್ಕೂ ಒಂದು ಕಾರಣವಿದೆ. 1953ರಲ್ಲಿ ವಿಲ್ಲೀಸ್‌ನವರು ಹೆಚ್ಚು ಶಕ್ತಿಯ ಹರಿಕೇನ್ ಇಂಜಿನ್ ಹಾಕಹೋದಾಗ ಅದು ಹಳೆಯ ಬಾನೆಟ್ಟಿನೊಳಗೆ ಹಿಡಿಸದೆ, ಬಾನೆಟ್ಟನ್ನೇ ಮೇಲಕ್ಕೆತ್ತಿಬಿಟ್ಟರಂತೆ. ಮಗ ಬೆಳೆದನೆಂದು ಅಂಗಿಯ ಮಡಿಕೆ ಬಿಚ್ಚುವ ಹಾಗೆ. ಇಂಜಿನ್ ಬದಲಿಸುವ ಚಟ ಈ ಗಾಡಿಗೆ ಹುಟ್ಟಿನಿಂದಲೇ ಅಂಟಿದ್ದು ಎನ್ನಬೇಕು.

ಅಪ್ಪ ಅದನ್ನು ಸರಕಾರಿ ಹರಾಜಿನಲ್ಲಿ ತಂದದ್ದು 1974ರಲ್ಲಿ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದ್ದ. ಸಿಗದೇನು? ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಅರಬರಿಗೂ ಇಸ್ರೇಲಿಗೂ ಯುದ್ಧವಾಗಿ, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಗಿತ್ತು. ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಹೋದದ್ದು ಆಗಲೇ. ಪೆಟ್ರೋಲ್ ಕುಡಿಯುವ ಜೀಪು ಯಾರಿಗೂ ಬೇಡವಾಗಿತ್ತು. ನಮ್ಮ ಮನೆಯಲ್ಲೂ ಅದು ವಾರದಲ್ಲಿ ನಾಲ್ಕು ದಿನ ಬೇವಿನ ಗಿಡದ ಕೆಳಗೆ ನಿಂತು ಕೋಳಿಗಳಿಗೆ ನೆರಳಾಗಿತ್ತು.

ಡೀಸೆಲ್ ಮಾತ್ರ ನಮ್ಮ ಸೀಮೆಗೆ ಹೊಸದಲ್ಲ. ಕಿರ್ಲೋಸ್ಕರರ ಆಯಿಲ್ ಇಂಜಿನ್ ಕಂಪನಿ ಪುಣೆಯಲ್ಲಿ ಶುರುವಾದದ್ದು 1946ರಲ್ಲಿ. ಎತ್ತು ತಿರುಗಿಸುತ್ತಿದ್ದ ಗಾಣಗಳಿಗೂ ಬಾವಿಗಳಿಗೂ ಅಂಥ ಇಂಜಿನ್ನುಗಳು ಬಂದು, ಹಂಗಾಮಿನಲ್ಲಿ ಬೆಲ್ಲದ ವಾಸನೆಯೊಂದಿಗೆ ಅವುಗಳ ಸದ್ದೂ ಊರಿಗೆ ಕೇಳುತ್ತಿತ್ತು. ಗಾಣದ ಮನೆಯಲ್ಲಿ ಕೊಪ್ಪರಿಗೆಯ ಮುಂದೆ ಕೂತಿದ್ದ ಅವ್ವ ಒಂದು ದಿನ ಕೇಳಿದಳು: "ಈ ಇಂಜಿನ್ನ ಇಷ್ಟ ಎಣ್ಣ್ಯಾಗ ಇಷ್ಟ ಕಬ್ಬ ಅರೀತೈತಿ. ಇಂಥಾದ್ದ ಜೀಪಿಗೆ ಯಾಕ ಹಾಕಬಾರದರಿ?"

ಅಪ್ಪ ನಕ್ಕ. ಗಾಣದ ಇಂಜಿನ್ ರಿಪೇರಿಗೆ ಬಂದಿದ್ದ ಫಿಟ್ಟರ್ ಕಾಕಾ ಮಾತ್ರ ನಗಲಿಲ್ಲ. ಪುಣೆಯ ಬಜಾಜ್ ಟೆಂಪೊದವರ ಮ್ಯಾಟಡಾರ್ ವ್ಯಾನಿನ ಇಂಜಿನ್ನುಗಳನ್ನು ಜೀಪಿಗೆ, ಅಂಬಾಸಿಡರಿಗೆ ಕೂಡಿಸುವುದು ಆಗಲೇ ನಡೆದಿತ್ತು. ಅಪಘಾತವಾದ ವ್ಯಾನೊಂದರ ಇಂಜಿನ್ ಕೊಲ್ಲಾಪುರದಲ್ಲಿ ಮಾರಾಟಕ್ಕಿತ್ತು. ಆ ವರ್ಷ ಬೆಲ್ಲದ ರೊಕ್ಕ ಸಾಲಕ್ಕೇ ಸರಿಹೋಗಿತ್ತು. ಅವ್ವ ತವರಿನ ಬಿಲ್ವಾರ ಬಿಚ್ಚಿ ಕೊಟ್ಟಳು. ಮುಂದಿನ ಹಂಗಾಮಿಗೆ ಮಾಡಿಸಿಕೊಡುತ್ತೇನೆ ಎಂದ ಅಪ್ಪ.

ಇಂಜಿನ್ ಬದಲಿಸುವುದೆಂದರೆ ಹಂಚಿನ ಮೇಲೆ ರೊಟ್ಟಿ ತಿರುವಿದಂತಲ್ಲ. ವ್ಯಾನಿನ ಇಂಜಿನ್ನಿನ ಬೆನ್ನಿಗೂ ಜೀಪಿನ ಗೇರ್ ಪೆಟ್ಟಿಗೆಯ ಮೋರೆಗೂ ತೂತು ಕೂಡುವುದಿಲ್ಲ. ನಡುವೆ ದಪ್ಪ ಕಬ್ಬಿಣದ ಪ್ಲೇಟು ಕಡೆದು ಕೂಡಿಸಬೇಕು. ಗೇರ್ ಪೆಟ್ಟಿಗೆಯ ದಂಡದ ತುದಿ ಇಂಜಿನ್ನಿನ ಗಾಲಿಯ ನಟ್ಟನಡುವೆ ಕೂಡಬೇಕು. ಮೊದಲ ಪ್ಲೇಟು ಕೂದಲೆಳೆಯಷ್ಟು ಸರಿದಿತ್ತು, ಎರಡೇ ದಿನಕ್ಕೆ ಬೇರಿಂಗು ಗುರುಗುಟ್ಟತೊಡಗಿತು. "ಬೀಸುಕಲ್ಲಿನ ಗೂಟ ನಡುವ ಇರದಿದ್ರ ಹಿಟ್ಟು ತರಿ ಬೀಳತೈತಿ" ಎಂದಳು ಅವ್ವ. ಕಾಕಾ ಮತ್ತೆ ಕೊಲ್ಲಾಪುರದ ಉದ್ಯಮನಗರಕ್ಕೆ ಹೋಗಿ ಲೇಥಿನ ಮುಂದೆ ನಿಂತು ಎರಡನೇ ಪ್ಲೇಟು ಮಾಡಿಸಿ ತಂದ.

ಡೀಸೆಲ್ ಇಂಜಿನ್ ಭಾರ. ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಾಟಾ ಹೆಚ್ಚು ಹಾಕಿದರು. ಅದಕ್ಕೆ ಕಿಡಿ ಬೇಡ. ಗಾಳಿಯನ್ನು ಬಿಗಿಯಾಗಿ ಒತ್ತಿ ಕಾಯಿಸಿದಾಗ ಎಣ್ಣೆ ತಾನೇ ಹೊತ್ತುತ್ತದೆ. ಅಷ್ಟು ಒತ್ತಡದ ಇಂಜಿನ್ ತಿರುವಲು ಜೀಪಿನ ಆರು ವೋಲ್ಟಿನ ಬ್ಯಾಟರಿ ಸಾಲದೆ ಹನ್ನೆರಡರದು ಬಂತು. ಚಳಿಯ ಮುಂಜಾನೆ ಹೀಟರ್ ಕಾಯುವವರೆಗೆ ಅವ್ವ ಇಪ್ಪತ್ತರ ತನಕ ಎಣಿಸುತ್ತಿದ್ದಳು. ಕೀಲಿ ತಿರುವಿದರೆ ಅದು ಆರುವುದೂ ಇಲ್ಲ. ಎಣ್ಣೆ ಕಟ್ಟಲು ತಂತಿಯ ಗುಂಡಿ ಜಗ್ಗಬೇಕು. ಕಾಕಾ ಅದನ್ನು ಎಡಗಡೆಯ ಸೀಟಿನ ಕೆಳಗೆ ಕೂಡಿಸಿದ್ದ. ಯಾಕೆಂದು ಅವನನ್ನೇ ಕೇಳಬೇಕು. ಎಡಗಡೆ ಕೂಡುವವಳು ಅವ್ವ. ಹೀಗಾಗಿ ಜೀಪು ಹೊರಡಿಸುವುದು ಅಪ್ಪ, ನಿಲ್ಲಿಸುವುದು ಅವ್ವ ಎಂದಾಯಿತು. ಒಳಗೆ ಕೂತರೆ ಸದ್ದಿಗೆ ಮಾತೇ ಕೇಳದು. ಅವರಿಬ್ಬರ ದಾರಿಯ ಜಗಳ ನಿಂತದ್ದು ಅಂದಿನಿಂದ.

ಒಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಆ ಜೀಪಿನ ವೈಪರು ಓಡುತ್ತಿದ್ದುದು ಪೆಟ್ರೋಲ್ ಇಂಜಿನ್ ಗಾಳಿ ಎಳೆದುಕೊಳ್ಳುವ ಸೆಳೆತದಿಂದ. ಡೀಸೆಲ್ಲಿನಲ್ಲಿ ಆ ಸೆಳೆತವಿಲ್ಲ. ಮರುವರ್ಷದ ಮಳೆಗಾಲದ ರಾತ್ರಿ ತೋಟದ ಮನೆಯಲ್ಲಿ ವೈನಿಗೆ ಹೆರಿಗೆ ಬೇನೆ ಶುರುವಾಯಿತು. ಹೊರಗೆ ಎರಿಮಣ್ಣು ಹಿಟ್ಟು ನಾದಿದಂತಾಗಿತ್ತು, ಚಕ್ಕಡಿ ಹೂಡುವ ಮಾತೇ ಇರಲಿಲ್ಲ. ಅಪ್ಪ ಸಣ್ಣ ಲಿವರ್ ಎರಡನ್ನೂ ಹಾಕಿ ನಾಲ್ಕೂ ಗಾಲಿ ಹೂಡಿದ. ಅವಸರವಿಲ್ಲದೆ ಎಳೆಯುವುದು ಡೀಸೆಲ್ಲಿನ ಗುಣ. ಜೀಪು ಕೋಣನ ಹಾಗೆ ಕೆಸರು ತುಳಿಯುತ್ತ ಹೊರಟಿತು. ಆದರೆ ಗಾಜಿನಲ್ಲಿ ನೀರಿನ ಹೊರತು ಏನೂ ಕಾಣದು, ವೈಪರು ಮಿಸುಕದು. ಹಿಂದೆ ವೈನಿಯ ತಲೆ ಹಿಡಿದು ಕೂತಿದ್ದ ಆಯಿ ಸಂಚಿ ಬಿಚ್ಚಿ, ತಂಬಾಕು ಕೊಟ್ಟು, "ಇದನ್ನ ತಿಕ್ಕರಿ" ಎಂದಳು. ಅವ್ವ ಕೆಳಗಿಳಿದು ಗಾಜಿಗೆಲ್ಲ ತಂಬಾಕು ತಿಕ್ಕಿದಳು. ಹನಿ ನಿಲ್ಲದೆ ತೆಳ್ಳಗೆ ಹರಿದು ದಾರಿ ಕಂಡಿತು. ಮುಧೋಳ ಮುಟ್ಟುವುದರೊಳಗೆ ಆಯಿಯ ಸಂಚಿ ಬರಿದಾಗಿತ್ತು. ಬೆಳಗಿನ ಜಾವ ಹೆಣ್ಣು ಮಗು ಹುಟ್ಟಿತು.

ಹೊಸ ಇಂಜಿನ್ನಿನ ನಂಬರು, ಡೀಸೆಲ್ ಎಂಬ ಮಾತು ಎರಡನ್ನೂ ಅಪ್ಪ ವಿಜಾಪುರಕ್ಕೆ ಹೋಗಿ ಆರ್.ಸಿ. ಪುಸ್ತಕದಲ್ಲಿ ಬರೆಸಿದ್ದ. ಮಾಲಕರ ಜಾಗದಲ್ಲಿ ಇದ್ದದ್ದು ಅವನೊಬ್ಬನ ಹೆಸರು. ಬಿಲ್ವಾರ ತಿರುಗಿ ಬರಲಿಲ್ಲ. ಒಂದು ವರ್ಷ ಬೆಲ್ಲದ ಧಾರಣಿ ಬಿತ್ತು, ಇನ್ನೊಂದು ವರ್ಷ ನನ್ನ ಮದುವೆ. ಅವ್ವ ಕೇಳಿದ್ದನ್ನು ನಾನು ಕಂಡಿಲ್ಲ. ಡೀಸೆಲ್ಲಿನಿಂದ ಉಳಿದದ್ದೆಷ್ಟು ಎಂದು ಮಾತ್ರ ತಿಂಗಳು ತಿಂಗಳೂ ಬರೆದಿಟ್ಟಿದ್ದಾಳೆ. ಕೂಡಿಸಿ ನೋಡಿದೆ, ಮೂರನೇ ವರ್ಷಕ್ಕೆ ಬಿಲ್ವಾರದ ರೊಕ್ಕ ದಾಟಿದೆ.

ಜೀಪು ಮಾರಿದ್ದು 1996ರಲ್ಲಿ, ಅಪ್ಪ ತೀರಿಕೊಂಡ ಮರುವರ್ಷ. ಕೊಳ್ಳಲು ಬಂದ ಹುಡುಗ ಓಡಿಸಿ ನೋಡಿ, ಅಂಗಳಕ್ಕೆ ತಂದು, ಕೀಲಿ ತಿರುವಿದ. ಇಂಜಿನ್ ಆರಲಿಲ್ಲ. ಮತ್ತೆ ತಿರುವಿದ, ಡ್ಯಾಶ್‌ಬೋರ್ಡಿನ ಮೇಲೆ, ಕೆಳಗೆ ತಡಕಾಡಿದ. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಅವ್ವ ಮೊರ ಕೆಳಗಿಟ್ಟು ಎದ್ದು ಹೋಗಿ, ಎಡಗಡೆಯಿಂದ ಬಗ್ಗಿ, ಸೀಟಿನ ಕೆಳಗೆ ಕೈ ಹಾಕಿ ಗುಂಡಿ ಜಗ್ಗಿದಳು.