ಕಿಲ್ಟ್: ಸ್ಕಾಟ್ಲೆಂಡಿನ ನಿರಿಗೆಯುಡುಪು

ಕಿಲ್ಟ್ ಎಂಬುದು ಸ್ಕಾಟ್ಲೆಂಡಿನ ಗುಡ್ಡನಾಡಿನ ಗಂಡಸರು ಸೊಂಟದಿಂದ ಮೊಣಕಾಲಿನವರೆಗೆ ಉಡುವ ಉಣ್ಣೆಯ ಉಡುಪು. ಇದನ್ನು ಹೆಂಗಸರ ಲಂಗವೆಂದು ನಗುವವರುಂಟು. ಪಂಚೆಯನ್ನು ಬಲ್ಲ ನಮಗೆ ಅದು ಸಲ್ಲದು. 16ನೆಯ ಶತಮಾನದ ಕೊನೆಯಲ್ಲಿ ಕಂಡುಬರುವ ಮೂಲರೂಪವು ಹೊಲಿಗೆಯಿಲ್ಲದ ಉದ್ದನೆಯ ಬಟ್ಟೆಯಾಗಿತ್ತು. ಅದನ್ನು ನಿರಿಗೆ ಹಿಡಿದು ಸೊಂಟಪಟ್ಟಿಯಿಂದ ಬಿಗಿದು, ಉಳಿದುದನ್ನು ಹೆಗಲಿಗೆ ಹೊದೆಯುತ್ತಿದ್ದರು. ಸೊಂಟದ ಕೆಳಗಿನ ಭಾಗವಷ್ಟೇ ಇರುವ ಇಂದಿನ ಕಿಲ್ಟ್ ಬಂದುದು 18ನೆಯ ಶತಮಾನದಲ್ಲಿ.

1746ರ ಕಲೋಡನ್ ಕದನದಲ್ಲಿ ಜಾಕೊಬೈಟ್ ದಂಗೆ ಅಡಗಿದ ಮೇಲೆ ಬ್ರಿಟಿಷ್ ಸಂಸತ್ತು ಈ ಉಡುಪನ್ನು ನಿಷೇಧಿಸಿತು. ಸೈನಿಕರಿಗೆ ಮಾತ್ರ ವಿನಾಯಿತಿಯಿತ್ತು. 1782ರಲ್ಲಿ ನಿಷೇಧ ರದ್ದಾಗುವ ಹೊತ್ತಿಗೆ ನಿತ್ಯದ ರೂಢಿ ಬಹುಮಟ್ಟಿಗೆ ತಪ್ಪಿಹೋಗಿತ್ತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೊಗೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಮಾರಂಭದಲ್ಲಿ ದೊರೆಯೇ ಕಿಲ್ಟ್ ಧರಿಸಿದನು. ಇಂದು ಮದುವೆಮನೆಗಳಲ್ಲಿ ಕಾಣುವ ಠೀವಿಗೆ ಈ ಸಮಾರಂಭದ ಋಣವೇ ಹೆಚ್ಚು.

ಆದುದರಿಂದ 1990ರ ದಶಕದಿಂದೀಚೆಗೆ ಡೆನಿಮ್, ಚರ್ಮಗಳಲ್ಲಿ ಕಿಲ್ಟ್ ಹೊಲಿದು, ಟೀ ಶರ್ಟು, ದಪ್ಪ ಬೂಟುಗಳೊಡನೆ ತೊಡುವ ತರುಣರನ್ನು ಸಂಪ್ರದಾಯಭಂಜಕರೆನ್ನುವುದು ಆತುರದ ಮಾತು. ಮುಂದೆ ತೂಗುವ ಸ್ಪಾರನ್ ಎಂಬ ಚರ್ಮದ ಚೀಲವನ್ನು ಬಿಟ್ಟು ಜೇಬು ಇಡಿಸಿಕೊಳ್ಳುವವರೂ ಇದ್ದಾರೆ. ಕುಲಕ್ಕೊಂದರಂತೆ ಟಾರ್ಟನ್ ಚೌಕಳಿಗಳಿದ್ದರೂ, 2009ರಲ್ಲಿ ಆರಂಭವಾದ ಸರಕಾರಿ ನೋಂದಣಿಯಲ್ಲಿ ಹೊಸ ವಿನ್ಯಾಸಗಳೂ ಸೇರುತ್ತಿವೆ.

ಬದಲಾಗದಿರುವುದು ಕಟ್ಟಣೆ. ಮುಂದೆ ಒಂದರ ಮೇಲೊಂದು ಬರುವ ಸಪಾಟಾದ ಎರಡು ಅಂಚು, ಹಿಂದೆ ಒತ್ತಾದ ನಿರಿಗೆ. ಸಾಂಪ್ರದಾಯಿಕ ಕಿಲ್ಟಿಗೆ ಸುಮಾರು 8 ಗಜ ಬಟ್ಟೆ ಬೇಕು. ನಿರಿಗೆ ಹಾಕಿದ ಮೇಲೂ ಚೌಕಳಿ ಮುರಿಯದೆ ಕಾಣುವಂತೆ ಕೈಯಲ್ಲಿ ಹೊಲಿಯುವುದು ನುರಿತ ದರ್ಜಿಯ ಕೆಲಸ.